‘ಲಕ್ಷ ಮಂದಿ ಲಿಸ್ಟ್ ಮಾರ್ತಾರಂತ, ತಗೋಬೇಕೇನ್ರೀ?’

ಈ ಸಲದ ಪ್ರಶ್ನೆ ಧಾರವಾಡದ್ದು. ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಸಾಲಿ ಖಾರ ಮಾಡಿ ಮಾರುವ ಅಕ್ಕಾವರೊಬ್ಬರು ಬರೆದಿದ್ದಾರೆ: “ಸರ, ಹುಬ್ಬಳ್ಳಿ-ಧಾರವಾಡದ ಲಕ್ಷ ಮಂದಿ ಮೊಬೈಲ್ ನಂಬರ್, ಇಮೇಲ್ ಐಡಿ ಇರೋ ಲಿಸ್ಟ್ ಎರಡು ಸಾವಿರಕ್ಕ ಕೊಡ್ತೀನಿ ಅಂತ ಒಬ್ಬರು ಬಂದಿದ್ರು. ತಗೊಂಡು ಎಲ್ಲಾರಿಗೂ ಮೆಸೇಜ್ ಬಿಟ್ರ ವ್ಯಾಪಾರ ಆಗ್ತದೇನ್ರೀ?”

ಆಗೋದಿಲ್ಲ. ತಗೋಬೇಡಿ.

ಕೊಪ್ಪಿಕರ್ ರಸ್ತೆಯ ಬಟ್ಟೆ ಅಂಗಡಿಯವರು ಇದನ್ನೇ ಕೇಳಿದ್ದಾರೆ. ಗದಗಿನ ಪ್ರಿಂಟಿಂಗ್ ಪ್ರೆಸ್ಸಿನವರು, ಹಾವೇರಿಯಲ್ಲಿ ಏಲಕ್ಕಿ ಮಾಲೆ ಮಾಡುವವರೂ ಕೇಳಿದ್ದಾರೆ. ಎಲ್ಲರಿಗೂ ಇದೇ ಉತ್ತರ ಕೊಟ್ಟಿದ್ದೇನೆ. ಉತ್ತರ ಕೇಳಿದ ಮೇಲೂ ಎಲ್ಲರೂ ಅದೇ ಮಾತು ತಿರುಗಿ ಹಾಕುತ್ತಾರೆ: “ಅಲ್ರೀ ಸರ, ಲಕ್ಷ ಮಂದಿಗೆ ಕಳಿಸಿದ್ರ ನೂರು ಮಂದಿ ಆದ್ರೂ ಬರೂದಿಲ್ಲೇನು?” ಈ ಲೆಕ್ಕ ಎಷ್ಟು ಸಲ ಅಳಿಸಿದರೂ ಮತ್ತೆ ಬೋರ್ಡ್ ಮೇಲೆ ಬರುತ್ತದೆ. ಇವತ್ತು ಇದನ್ನು ಪೂರ್ತಿ ಬಿಡಿಸಿಯೇ ಮುಂದೆ ಹೋಗೋಣ.

ಮೊದಲು ಆ ಲಿಸ್ಟಿನಲ್ಲಿ ಏನಿರುತ್ತದೆ ನೋಡಿ. ಮಾರಲು ಬಂದವರಿಗೆ “ಒಂದು ಐವತ್ತು ಸಾಲು ತೋರಿಸ್ರಿ” ಅನ್ನಿ. ಇಂಥ ಫೈಲುಗಳನ್ನು ನಾನು ತೆರೆದು ನೋಡಿದ್ದೇನೆ. ಸಾಲು ಸಾಲು ರೆಡಿಫ್‌ಮೇಲ್ ವಿಳಾಸಗಳು, ತೆರೆದವರೇ ಪಾಸ್‌ವರ್ಡ್ ಮರೆತು ವರ್ಷಗಳಾಗಿರುವಂಥವು. ಒಂದೇ ಮೊಬೈಲ್ ನಂಬರ್ ಮೂರು ಹೆಸರಿನ ಮುಂದೆ. ಒಂಬತ್ತೇ ಅಂಕಿ ಇರುವ ನಂಬರ್. ‘ಇನ್ಫೋ’, ‘ಆಫೀಸ್’ ಅಂತ ಶುರುವಾಗುವ ಕಚೇರಿ ವಿಳಾಸಗಳು. ಯಾವುದೋ ಕಾಲೇಜಿನ ಹಳೇ ಬ್ಯಾಚಿನ ಹುಡುಗರ ಹೆಸರು. ಅವರಲ್ಲಿ ಎಷ್ಟೋ ಮಂದಿ ಕೆಲಸ ಹಿಡಿದು ಊರು ಬಿಟ್ಟಾಗಿದೆ. ಇದೇ ಫೈಲನ್ನು ಕೋಚಿಂಗ್ ಕ್ಲಾಸಿನವರಿಗೂ, ಸೈಟ್ ಮಾರುವವರಿಗೂ ಮಾರಿರುತ್ತಾರೆ. ಅಂದಮೇಲೆ ನಿಮ್ಮ ರೊಟ್ಟಿಯ ಸುದ್ದಿ ಹೋಗಿ ಬೀಳುವುದು ಆಗಲೇ ಬೇಸತ್ತು ಕೂತವರ ಮೇಲೆ. ನಂಬರ್ ಕೊಟ್ಟಿದ್ದೇ ನೆನಪಿಲ್ಲದವರು ನಿಮ್ಮ ಮೆಸೇಜನ್ನು ಯಾಕೆ ಓದಬೇಕು?

ಇರಲಿ, ಎಲ್ಲ ವಿಳಾಸವೂ ಸರಿಯಿದೆ ಅಂದುಕೊಳ್ಳಿ. ಕಳಿಸುವುದು ಹೇಗೆ? ನಾವು ನೀವು ಬಳಸುವ ಉಚಿತ ಜಿಮೇಲ್ ಖಾತೆಯಿಂದ ದಿನಕ್ಕೆ ಹೆಚ್ಚೆಂದರೆ 500 ಜನಕ್ಕೆ ಕಳಿಸಬಹುದು. ಲಕ್ಷ ಮಂದಿಗೆ ಮುಟ್ಟಲು 200 ದಿನ ಬೇಕು. ಯುಗಾದಿಗೆ ಶುರು ಮಾಡಿದರೆ ದಸರಾ ದಾಟುತ್ತದೆ.

“ಅದಕ್ಕ ಬ್ಯಾರೆ ಸಾಫ್ಟ್‌ವೇರ್ ಐತಲ್ರೀ” ಅನ್ನುತ್ತಾರೆ. ಇದೆ. ಅಸಲಿ ಪೆಟ್ಟು ಬೀಳುವುದು ಅಲ್ಲೇ. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಎರಡೂ ನಿಯಮ ಬಿಗಿ ಮಾಡಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರು ತಮ್ಮ ಗುರುತನ್ನು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ವಿಧಾನಗಳಿಂದ ಸಾಬೀತು ಮಾಡಬೇಕು. ಬೇಡ ಅನ್ನುವವರಿಗೆ ಒಂದೇ ಕ್ಲಿಕ್ಕಿನಲ್ಲಿ ಬಿಟ್ಟುಹೋಗುವ ದಾರಿ ಇಡಬೇಕು. ‘ಸ್ಪ್ಯಾಮ್’, ಅಂದರೆ ಬೇಡದ ಮೇಲ್ ಅಂತ ಬಟನ್ ಒತ್ತಿ ದೂರುವವರ ಪ್ರಮಾಣ ಶೇಕಡಾ 0.3 ಮುಟ್ಟಬಾರದು. ಅಂದರೆ ಸಾವಿರಕ್ಕೆ ಮೂರು ಜನ. ಗುರುತಿಲ್ಲದ ಸಾವಿರ ಮಂದಿಗೆ ಮೇಲ್ ಹಾಕಿ ನೋಡಿ, ಸಿಟ್ಟಿಗೆದ್ದು ಆ ಬಟನ್ ಒತ್ತುವವರು ಮೂರೇ ಜನ ಇರುತ್ತಾರಾ?

ಇದರ ಮೇಲೆ ಬಲೆಯ ವಿಳಾಸಗಳೂ ಇರುತ್ತವೆ. ಅವು ಯಾರೂ ಬಳಸದ ವಿಳಾಸಗಳು. ಲಿಸ್ಟ್ ಕೊಂಡು ಕಳಿಸುವವರನ್ನು ಹಿಡಿಯುವುದಕ್ಕೇ ಇಟ್ಟಿರುವಂಥವು. ಅಲ್ಲಿಗೆ ಮೇಲ್ ಹೋಯಿತು ಅಂದರೆ ನೀವು ಒಪ್ಪಿಗೆ ಕೇಳಿಲ್ಲ ಅಂತ ತಾನಾಗಿಯೇ ಗೊತ್ತಾಗುತ್ತದೆ.

ಆಮೇಲೆ ಏನಾಗುತ್ತದೆ? ನಿಮ್ಮ ವಿಳಾಸದ ಹೆಸರು ಕೆಡುತ್ತದೆ. ಪೇಟೆಯಲ್ಲಿ ಉದ್ರಿ ಮುಳುಗಿಸಿದವನಿಗೆ ಮರುದಿನ ಯಾವ ಅಂಗಡಿಯಲ್ಲೂ ಮಾಲು ಸಿಗೋದಿಲ್ಲ, ಅಲ್ವಾ? ಹಾಗೇ ಇದು. ಹತ್ತು ವರ್ಷದ ಹಳೇ ಗಿರಾಕಿಗೆ ಕಳಿಸಿದ ಮೇಲ್ ಕೂಡ ನೇರ ಸ್ಪ್ಯಾಮ್ ಡಬ್ಬಿಗೆ ಹೋಗುತ್ತದೆ. ತಾರಿಹಾಳದ ಕಾರ್ಖಾನೆಯವರು ಪುಣೆಯ ಕಂಪನಿಗೆ ಕಳಿಸಿದ ಕೊಟೇಶನ್ ಹೀಗೆ ಮಾಯವಾದರೆ ಆ ನಷ್ಟವನ್ನು ಯಾವ ಲೆಕ್ಕಕ್ಕೆ ಬರೆಯುತ್ತೀರಿ? “ಹೋದ್ರ ಎರಡು ಸಾವಿರ ಹೋತು” ಅನ್ನುವ ಮಾತು ಅದಕ್ಕೇ ತಪ್ಪು. ಹೋಗುವುದು ಎರಡು ಸಾವಿರವಷ್ಟೇ ಅಲ್ಲ.

ವಾಟ್ಸ್ಆ್ಯಪ್‌ನಲ್ಲಿ ನೋಡೋಣ ಅಂದರೆ ಅಲ್ಲಿಯೂ ದಾರಿ ಇಲ್ಲ. ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಒಂದರಲ್ಲಿ 256 ಜನರಿಗಷ್ಟೇ ಜಾಗ. ಅದೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ಲಿಸ್ಟಿನಲ್ಲಿರುವ ಅಪರಿಚಿತರು ನಿಮ್ಮ ನಂಬರ್ ಯಾಕೆ ಸೇವ್ ಮಾಡಿರುತ್ತಾರೆ? ಬೇರೆ ಯಾವುದೋ ಆ್ಯಪ್ ಹಾಕಿ ಸಾವಿರಗಟ್ಟಲೆ ಬಿಟ್ಟರೆ ನಂಬರ್ ಬ್ಯಾನ್ ಆಗುತ್ತದೆ. ಆ ನಂಬರೇ ಅಂಗಡಿ ಬೋರ್ಡಿನ ಮೇಲೆ, ಬಿಲ್ ಮೇಲೆ, ಚಟ್ನಿ ಪಾಕೀಟಿನ ಮೇಲೆ ಇರುತ್ತದೆ. ಇಷ್ಟರ ಮೇಲೆ ಕಾನೂನೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೇ ಒಪ್ಪಿಗೆ. ಬೇರೆಯವರ ನಂಬರ್ ಕೊಂಡು ಬಳಸುವುದು ಸಣ್ಣ ವಿಷಯ ಅಂತ ಯಾರೂ ತಿಳಿಯಬಾರದು.

ದುಡ್ಡು ಕೊಟ್ಟು ಫಾಲೋವರ್ಸ್ ತರಿಸುವುದೂ ಇದೇ ರೋಗ. ಫೇಸ್‌ಬುಕ್ 2018ರ ಜನವರಿಯಲ್ಲೇ ಹೇಳಿಬಿಟ್ಟಿತು: ಗೆಳೆಯರ, ಮನೆಯವರ ಪೋಸ್ಟುಗಳಿಗೆ ಮೊದಲ ಜಾಗ, ವ್ಯಾಪಾರದ ಪೇಜುಗಳಿಗೆ ಆಮೇಲೆ. ಪೋಸ್ಟ್ ನೋಡಿ ಯಾರೂ ಮಾತಾಡದಿದ್ದರೆ ಅದು ಮುಂದಕ್ಕೆ ಹೋಗುವುದೇ ಇಲ್ಲ. ಕೊಂಡು ತಂದ ಹತ್ತು ಸಾವಿರ ಹೆಸರುಗಳು “ಅಕ್ಕಾರ, ಒಂದ್ ಕಿಲೋ ಎಷ್ಟ್ರೀ?” ಅಂತ ಕೇಳುವುದಿಲ್ಲ. ಜಾಹೀರಾತಿಗೇ ಖರ್ಚು ಮಾಡುವ ಮನಸ್ಸಿದ್ದರೆ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಜಾಹೀರಾತಿನಲ್ಲಿ ನಿಮ್ಮ ಊರಿನ ಸುತ್ತ ಇಂತಿಷ್ಟು ಕಿಲೋಮೀಟರ್ ಅಂತ ಗೆರೆ ಹಾಕಿ ಕೊಡಬಹುದು. ಸಪ್ತಾಪುರದ ಗಿರಾಕಿ ಬೇಕಿದ್ದರೆ ಪಾಟ್ನಾದವರಿಗೆ ತೋರಿಸುವ ಅಗತ್ಯವಿಲ್ಲ.

ಹಾಗಾದರೆ ಅಕ್ಕಾವರು ಏನು ಮಾಡಬೇಕು? ಒಂದು ನೋಟ್‌ಬುಕ್ ಇಡಬೇಕು. ಕೊಂಡವರ ಹೆಸರು, ಫೋನ್, ಇಮೇಲ್, ಯಾವ ಊರು, ಏನು ಕೊಂಡರು. “ಹೊಸ ಮಾಲು ಬಂದಾಗ ತಿಳಿಸಲೇನ್ರೀ?” ಅಂತ ಕೇಳಿ, ಹೂಂ ಅಂದವರ ಮುಂದೆ ಒಂದು ಗುರುತು. ಸಂಜೆ ಅದನ್ನು ಎಕ್ಸೆಲ್‌ಗೆ ಹಾಕಿದರೆ ಮುಗಿಯಿತು. ಊರಲ್ಲಿರುವವರಿಗೆ ವಾಟ್ಸ್ಆ್ಯಪ್, ಹೊರಗಿರುವವರಿಗೆ ಇಮೇಲ್.

“ಇಮೇಲ್ ಯಾರ್ ನೋಡ್ತಾರ್ರೀ” ಅನ್ನಬೇಡಿ. ಊರಲ್ಲಿ ನೋಡಲಿಕ್ಕಿಲ್ಲ. ಆದರೆ ಅಗಸಿ ಚಟ್ನಿ ಬಿಟ್ಟಿರಲಾರದೆ ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಕೂತ ನಮ್ಮ ಮಂದಿ ದಿನವಿಡೀ ಇಮೇಲ್ ಮುಂದೆಯೇ ಇರುತ್ತಾರೆ. ನಿಮ್ಮ ದೊಡ್ಡ ಗಿರಾಕಿಗಳು ಅವರೇ. ಇನ್ನೊಂದು ಮಾತು. 2020ರ ಜೂನ್ 29ಕ್ಕೆ ಟಿಕ್‌ಟಾಕ್ ಬ್ಯಾನ್ ಆದಾಗ ಅಲ್ಲಿ ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರ ಕೈಗೆ ಒಂದು ಹೆಸರೂ ಉಳಿಯಲಿಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್ಆ್ಯಪ್ ಮೂರೂ ಸುಮಾರು ಆರು ತಾಸು ಬಂದ್ ಆಗಿದ್ದವು. ನೋಟ್‌ಬುಕ್ಕಿನಲ್ಲಿರುವ ಹೆಸರು ಹಾಗೆಲ್ಲ ಹೋಗುವುದಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಅಗತ್ಯವಾಗಿ ಇರಿ, ರೊಟ್ಟಿ ಬಡಿಯುವ ವಿಡಿಯೋ ಹಾಕಿ. ಆದರೆ ನೋಡಿ ಬಂದವರ ಹೆಸರನ್ನು ನಿಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ.

ಅಕ್ಕಾವರು ಕೇಳದ ಒಂದು ವಿಷಯವನ್ನೂ ಹೇಳಬೇಕು. ಯಾವಾಗ ಕಳಿಸಬೇಕು? ಮಂಗಳವಾರ ಹತ್ತು ಗಂಟೆಗೆ ಕಳಿಸಿ, ಗುರುವಾರ ಕಳಿಸಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ನಮ್ಮ ಕಡೆ ವ್ಯಾಪಾರ ನಡೆಯುವುದು ವಾರ ನೋಡಿ ಅಲ್ಲ, ಹಬ್ಬ ಮತ್ತು ಸುಗ್ಗಿ ನೋಡಿ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಜೋರಾಗಿ ಬರುವುದು ವರ್ಷದ ಮೊದಲ ತಿಂಗಳುಗಳಲ್ಲಿ. ಬಿಸಿಲು ಏರುತ್ತಿದ್ದಂತೆ ಮನೆಮನೆಯಲ್ಲಿ ವರ್ಷದ ಖಾರಪುಡಿಯ ಮಾತು ಶುರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುವುದು ಅದರ ಹೆಸರು. ಮಾರ್ಚ್ ತಿಂಗಳಲ್ಲಿ ಅಂಗಳದಲ್ಲಿ ಒಣಗಲು ಹಾಕಿದ ಕಾಯಿಯ ಒಂದೇ ಫೋಟೋ, ಕಿಲೋಗೆ ಎಷ್ಟು ಅನ್ನುವ ಒಂದು ಸಾಲು ಕಳಿಸಿ ಸಾಕು. ಅದೇ ಮೇಲ್ ಆಗಸ್ಟಿನಲ್ಲಿ ಹೋದರೆ ಯಾರಿಗೂ ಬೇಕಿಲ್ಲ, ಅವರ ಖಾರದ ಡಬ್ಬಿ ತುಂಬಿದೆ.

ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಲು ಆಗದೆ ಬೆಂಗಳೂರಿನಲ್ಲಿ ಉಳಿದವರಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಯ ಕಟ್ಟು ಅಂತ ಬರೆದು ನೋಡಿ. ಶ್ರಾವಣದಲ್ಲಿ ನಾಗರ ಪಂಚಮಿ ಬಂತೆಂದರೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು. ಪಾರ್ಸಲ್ ಮುಟ್ಟಲು ಎರಡು ಮೂರು ದಿನ ಬೇಕು, ನಿಮಗೆ ಉಂಡಿ ಕಟ್ಟಲು ಇನ್ನಷ್ಟು ದಿನ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮೊದಲು ಮೊದಲನೇ ಮೇಲ್, ಆರ್ಡರ್ ಕೊಡುವ ಕೊನೆಯ ದಿನಕ್ಕೆ ಎರಡು ದಿನ ಇರುವಾಗ ಇನ್ನೊಂದು. ಅಷ್ಟಕ್ಕೇ ನಿಲ್ಲಿಸಿ.

ಎಷ್ಟು ಜನ ತೆರೆದರು ಅಂತ ಸಾಫ್ಟ್‌ವೇರ್ ತೋರಿಸುವ ಸಂಖ್ಯೆಯನ್ನು ಜಾಸ್ತಿ ನಂಬಬೇಡಿ. 2021ರಲ್ಲಿ ಆಪಲ್ ಮಾಡಿದ ಬದಲಾವಣೆಯ ನಂತರ ಅದರ ಮೇಲ್ ಆ್ಯಪ್‌ನಲ್ಲಿ ಓದದಿದ್ದರೂ ತೆರೆದಂತೆ ಲೆಕ್ಕ ಬರಬಹುದು. ಬಂದ ಆರ್ಡರ್ ಎಣಿಸಿ. ಇಮೇಲ್‌ನ ತಲೆಬರಹದಲ್ಲಿ ಅಲಂಕಾರ ಬೇಡ. “ಪಂಚಮಿ ಉಂಡಿ: ಆರ್ಡರ್ ಕೊಡಲು ಶನಿವಾರ ಕೊನೆ ದಿನ” ಅಂತ ಬರೆಯಿರಿ, ಕೆಳಗೆ ದರ ಮತ್ತು ಫೋನ್ ನಂಬರ್ ಹಾಕಿ. ಭಾನುವಾರ ಆರ್ಡರ್ ಬಂದರೆ “ಪಂಚಮಿಗೆ ಮುಟ್ಟೂದಿಲ್ರಿ, ಆಮೇಲೆ ಕಳಿಸಲೇನು?” ಅಂತ ಅವತ್ತೇ ಫೋನ್ ಮಾಡಿ ಕೇಳಿ.