ಸದ್ದಿಲ್ಲದೆ ಸವೆಯುವ ಬೇರಿಂಗ್: ಹಳೆಯ ಪೋರ್ಷೆಯ ಐಎಂಎಸ್ ಮೇಲೆ ಕಣ್ಣಿಡುವುದು ಹೇಗೆ?

ಓದುಗರ ಪ್ರಶ್ನೆ: ನನ್ನ ಬಳಿ 2003ರ ಪೋರ್ಷೆ ಬಾಕ್ಸ್‌ಸ್ಟರ್ ಇದೆ. ವರ್ಷಕ್ಕೆ ಹೆಚ್ಚೆಂದರೆ 2,000 ಕಿಲೋಮೀಟರ್ ಓಡಿಸುತ್ತೇನೆ. ಎಂಜಿನ್‌ನಲ್ಲಿ ಕೆಟ್ಟ ಸದ್ದಿಲ್ಲ, ಆಯಿಲ್ ಸೋರಿಕೆಯೂ ಇಲ್ಲ. ಆದರೂ ಐಎಂಎಸ್ (ಎಂಜಿನ್‌ನೊಳಗಿನ ಇಂಟರ್‌ಮೀಡಿಯೇಟ್ ಶಾಫ್ಟ್) ಬೇರಿಂಗ್ ಯಾವಾಗ ಬೇಕಾದರೂ ಕೈಕೊಡಬಹುದೆಂದು ಎಲ್ಲರೂ ಹೆದರಿಸುತ್ತಾರೆ. ಅದು ಸವೆಯುತ್ತಿರುವುದನ್ನು ಮೊದಲೇ ತಿಳಿಯಬಹುದೇ? ತಡೆಯುವುದು ಹೇಗೆ?

ಉತ್ತರ: ಬಹುಮಟ್ಟಿಗೆ ತಿಳಿಯಬಹುದು, ಆದರೆ ಕಿವಿಯಿಂದಲ್ಲ. ಈ ಬೇರಿಂಗ್ ಸದ್ದು ಮಾಡುವ ಹೊತ್ತಿಗೆ ಸಾಮಾನ್ಯವಾಗಿ ಕೆಲಸ ಕೈಮೀರಿರುತ್ತದೆ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಚಿಂತೆಗೀಡುಮಾಡಿದ ಅಂಶ ಕಾರಿನ ವಯಸ್ಸಲ್ಲ, ಅದನ್ನು ನೀವು ಓಡಿಸುತ್ತಿರುವ ಕಡಿಮೆ ದೂರ. ಕಾರಣ ತಿಳಿಯಬೇಕಾದರೆ ಆ ಬೇರಿಂಗ್ ಇರುವ ಜಾಗವನ್ನು ನೋಡಬೇಕು.

ನಿಮ್ಮ ಕಾರಿನ ಎಂ96 ಎಂಜಿನ್‌ನಲ್ಲಿ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್‌ಶಾಫ್ಟ್, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ಗಳನ್ನು ನೇರವಾಗಿ ತಿರುಗಿಸುವುದಿಲ್ಲ. ಕ್ರ್ಯಾಂಕ್‌ಶಾಫ್ಟ್‌ನ ಕೆಳಗೆ ಒಂದು ನಡುವಣ ಶಾಫ್ಟ್ (ಐಎಂಎಸ್) ಇದ್ದು, ಒಂದು ಚೈನ್ ಅದನ್ನು ತಿರುಗಿಸುತ್ತದೆ. ಅಲ್ಲಿಂದ ಬೇರೆ ಚೈನ್‌ಗಳು ಎರಡೂ ಬದಿಯ ಸಿಲಿಂಡರ್ ಹೆಡ್‌ಗಳಿಗೆ ಹೋಗುತ್ತವೆ. ಈ ಶಾಫ್ಟ್‌ನ ಫ್ಲೈವೀಲ್ ಕಡೆಯ ತುದಿಯನ್ನು ಹೊತ್ತಿರುವುದೇ ಐಎಂಎಸ್ ಬೇರಿಂಗ್. ಎಂಜಿನ್‌ನ ಮುಖ್ಯ ಬೇರಿಂಗ್‌ಗಳು ಪಂಪಿನಿಂದ ಒತ್ತಡದಲ್ಲಿ ಬರುವ ಆಯಿಲ್‌ನ ಪದರದ ಮೇಲೆ ತೇಲುತ್ತವೆ. ಇದಾದರೋ ಒಳಗೆ ಗ್ರೀಸ್ ತುಂಬಿ, ಬಾಯಿಗೆ ಸೀಲ್ ಹಾಕಿದ ಬಾಲ್ ಬೇರಿಂಗ್. ಅದಕ್ಕೆ ಆಯಿಲ್‌ನ ಪೂರೈಕೆಯೇ ಇಲ್ಲ.

ವರ್ಷಗಟ್ಟಲೆ ಬಿಸಿ ಆಯಿಲ್‌ನ ನಡುವೆ ಇದ್ದು ಸೀಲ್ ಗಡುಸಾಗುತ್ತದೆ. ಆಯಿಲ್ ಸ್ವಲ್ಪಸ್ವಲ್ಪವೇ ಒಳನುಸುಳಿ ಗ್ರೀಸನ್ನು ತೊಳೆದುಬಿಡುತ್ತದೆ. ಹಾಗೆ ಒಳಹೊಕ್ಕ ಆಯಿಲ್ ಸುಲಭವಾಗಿ ಹೊರಬರುವುದೂ ಇಲ್ಲ. ನೀವು ಆಯಿಲ್ ಬದಲಿಸಿದಾಗ ಎಂಜಿನ್‌ನ ಉಳಿದ ಭಾಗಗಳಿಗೆಲ್ಲ ಹೊಸ ಆಯಿಲ್ ಸಿಕ್ಕರೂ ಈ ಬೇರಿಂಗ್‌ನೊಳಗೆ ಹಳೆಯದೇ ನಿಂತಿರುತ್ತದೆ. ನೀರಿನ ಅಂಶ ಮತ್ತು ಆಮ್ಲ ಸೇರಿದ ಆ ಆಯಿಲ್‌ನಲ್ಲಿ ಗುಂಡುಗಳು ಓಡುವ ಹಾದಿಯ ಮೇಲೆ ಸಣ್ಣ ಗುಳಿಗಳೇಳುತ್ತವೆ, ಅಂಚುಗಳಿಂದ ಉಕ್ಕಿನ ಚಕ್ಕೆಗಳು ಕಳಚುತ್ತವೆ, ಕೊನೆಗೆ ಶಾಫ್ಟ್ ಓಲಾಡಲಾರಂಭಿಸುತ್ತದೆ. ಚೈನ್ ಹಲ್ಲು ತಪ್ಪಿದರೆ ವಾಲ್ವ್‌ಗಳಿಗೆ ಪಿಸ್ಟನ್ ಬಡಿಯುತ್ತದೆ; ಅಲ್ಲಿಗೆ ಎಂಜಿನ್‌ನ ಕಥೆ ಮುಗಿಯಿತು.

ಹಾಗೆಂದು ನಿದ್ದೆಗೆಡುವಷ್ಟು ಹೆದರಬೇಕಾಗಿಲ್ಲ. ಸುಮಾರು 2000ದವರೆಗಿನ ಎಂಜಿನ್‌ಗಳಲ್ಲಿ ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು. ಅನಂತರ 2005ರವರೆಗೆ ಒಂದೇ ಸಾಲಿನದು ಬಂತು, ನಿಮ್ಮದು ಈ ಗುಂಪಿನದು. ಅಮೆರಿಕದ ನ್ಯಾಯಾಲಯದಲ್ಲಿ 2013ರಲ್ಲಿ ಇತ್ಯರ್ಥವಾದ ಮಾಲೀಕರ ಸಾಮೂಹಿಕ ದಾವೆಯಲ್ಲಿ ಹೊರಬಂದ ಅಂಕಿಗಳಂತೆ, ಎರಡು ಸಾಲಿನವುಗಳಲ್ಲಿ ಕೆಟ್ಟದ್ದು ಶೇ. 1ಕ್ಕಿಂತ ಕಡಿಮೆ, ಒಂದು ಸಾಲಿನವುಗಳಲ್ಲಿ ಸುಮಾರು ಶೇ. 8. ಅಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕಾರುಗಳಲ್ಲಿ ಏನೂ ಆಗಿರಲಿಲ್ಲ. ಆದರೆ ಆ ಲೆಕ್ಕದ ನಂತರ ಸೀಲ್‌ಗಳಿಗೆ ಮತ್ತಷ್ಟು ವರ್ಷ ವಯಸ್ಸಾಗಿದೆ ಎಂಬುದನ್ನೂ ಮರೆಯಬಾರದು.

ಇನ್ನು ಗಮನಿಸುವ ಬಗೆ. ಆಯಿಲ್ ಒತ್ತಡದ ಮೀಟರ್ ಇರುವ ಪೋರ್ಷೆ 911ರ ಮಾಲೀಕರು ಮುಳ್ಳು ಸರಿಯಾದ ಜಾಗದಲ್ಲಿದೆ ಎಂದು ನೆಮ್ಮದಿಯಿಂದಿರುತ್ತಾರೆ. ಕ್ರ್ಯಾಂಕ್‌ಶಾಫ್ಟ್‌ನ ಬೇರಿಂಗ್‌ಗಳು ಸವೆದರೆ ಬಿಸಿ ಎಂಜಿನ್‌ನ ಐಡ್ಲಿಂಗ್ ಒತ್ತಡ ಇಳಿಯುತ್ತದೆ, ನಿಜ. ಐಎಂಎಸ್ ಬೇರಿಂಗ್ ಆ ಒತ್ತಡದ ಹಾದಿಯಲ್ಲೇ ಇಲ್ಲದಿರುವುದರಿಂದ ಅದರ ಸುದ್ದಿಯನ್ನು ಮೀಟರ್ ಹೇಳಲಾರದು. ಅದನ್ನು ಹೇಳುವುದು ಆಯಿಲ್ ಫಿಲ್ಟರ್. ಪ್ರತಿ ಸಲ ಆಯಿಲ್ ಬದಲಿಸುವಾಗ ಹಳೆಯ ಫಿಲ್ಟರನ್ನು ಎಸೆಯದೆ ಕೇಳಿ ಪಡೆದುಕೊಳ್ಳಿ. ಒಂದು ರಾತ್ರಿ ಆಯಿಲ್ ಬಸಿಯಲು ಬಿಟ್ಟು, ಮಡಿಕೆಗಳ ಕಾಗದವನ್ನು ಎರಡೂ ತುದಿಯಲ್ಲಿ ಹರಿತವಾದ ಚಾಕುವಿನಿಂದ ಕತ್ತರಿಸಿ (ಗರಗಸ ಬೇಡ, ಅದರ ಪುಡಿಯೇ ನಿಮ್ಮನ್ನು ಗಾಬರಿಗೊಳಿಸುತ್ತದೆ), ಉದ್ದಕ್ಕೆ ಬಿಡಿಸಿ ಬಿಸಿಲಿನಲ್ಲಿ ಹರಡಿ. ಒಂದೊಂದೇ ಮಡಿಕೆಯನ್ನು ಓರೆಯಾಗಿ ಬಾಗಿಸಿ ನೋಡಿ, ಹೊಳೆಯುವ ಚುಕ್ಕೆ ಕಂಡಲ್ಲಿ ಕಾಗದದ ಹಿಂಬದಿಯಿಂದ ಒಂದು ಬಲವಾದ ಅಯಸ್ಕಾಂತವನ್ನು ಆಡಿಸಿ. ಚುಕ್ಕೆ ಅದರ ಹಿಂದೆ ಸರಿದರೆ ಉಕ್ಕು, ಅಲುಗಾಡದಿದ್ದರೆ ಅಲ್ಯೂಮಿನಿಯಂ ಇತ್ಯಾದಿ. ಕಂದು ಬಣ್ಣದ ಪ್ಲಾಸ್ಟಿಕ್ ಚೂರುಗಳಾದರೆ ಅವು ಚೈನನ್ನು ಹಾದಿಯಲ್ಲಿಡುವ ಗೈಡ್‌ಗಳದು. ಅದು ಬೇರೆಯೇ ತಲೆನೋವು.

ಎಂಜಿನ್‌ನ ತಳದ ಆಯಿಲ್ ತೊಟ್ಟಿಗೆ (ಸಂಪ್) ಅಯಸ್ಕಾಂತವಿರುವ ಡ್ರೈನ್ ಪ್ಲಗ್ ಹಾಕಿಸಿಕೊಂಡರೆ ಇನ್ನೊಂದು ಸಾಕ್ಷಿ ದೊರೆಯುತ್ತದೆ. ಅದರ ತುದಿಯಲ್ಲಿ ಕಾಡಿಗೆಯಂತೆ ನುಣುಪಾದ ಬೂದು ಲೇಪವಿದ್ದರೆ ಅದು ಸಹಜ ಸವೆತ. ಬೆರಳುಗಳ ನಡುವೆ ಉಜ್ಜಿದಾಗ ಮರಳಿನಂತೆ ಒತ್ತಿದರೆ, ಅಥವಾ ಬರಿಗಣ್ಣಿಗೆ ಚಕ್ಕೆಗಳು ಕಂಡರೆ, ಎಂಜಿನನ್ನು ಮತ್ತೆ ಚಾಲೂ ಮಾಡದೆ ಕಾರನ್ನು ಟ್ರೈಲರ್ ಮೇಲೆ ಸಾಗಿಸುವುದೇ ಲೇಸು.

ಆಯಿಲ್‌ನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವುದು ಒಳ್ಳೆಯ ಅಭ್ಯಾಸ. ಕಬ್ಬಿಣ, ತಾಮ್ರ, ಸೀಸಗಳ ಪ್ರಮಾಣ ಸಲದಿಂದ ಸಲಕ್ಕೆ ಹೇಗೆ ಬದಲಾಗುತ್ತಿದೆ ಎಂಬುದು ಗೊತ್ತಾಗುತ್ತದೆ. ಆಯಿಲ್‌ನಲ್ಲಿ ಪೆಟ್ರೋಲ್ ಬೆರೆತಿದ್ದರೆ ಅದೂ ತಿಳಿಯುತ್ತದೆ. ಆದರೆ ಸಾಮಾನ್ಯ ಪರೀಕ್ಷೆಯ ಯಂತ್ರಕ್ಕೆ ಕಾಣುವುದು ಕೆಲವೇ ಮೈಕ್ರಾನ್ ಗಾತ್ರದ ಕಣಗಳು ಮಾತ್ರ. ಬೇರಿಂಗ್‌ನಿಂದ ಕಳಚುವ ಚಕ್ಕೆಗಳು ಅದಕ್ಕಿಂತ ಬಹಳ ದೊಡ್ಡವು. ಹೀಗಾಗಿ ವರದಿ ಶುದ್ಧವಾಗಿದ್ದು ಫಿಲ್ಟರ್ ಹೊಳೆಯುತ್ತಿದ್ದರೆ ನಾನು ಫಿಲ್ಟರನ್ನೇ ನಂಬುತ್ತೇನೆ.

ಓಡಿಸುವ ವಿಷಯಕ್ಕೆ ಬರೋಣ. ತಿಂಗಳುಗಟ್ಟಲೆ ನಿಂತು, ಆಗೊಮ್ಮೆ ಈಗೊಮ್ಮೆ ಐದು ನಿಮಿಷ ಚಾಲೂ ಆಗುವ ಎಂಜಿನ್‌ನಲ್ಲಿ ನೀರು ಆವಿಯಾಗಿ ಹೋಗುವಷ್ಟು ಆಯಿಲ್ ಬಿಸಿಯಾಗುವುದೇ ಇಲ್ಲ. ಬ್ಯಾಟರಿ ಇಳಿಯದಿರಲೆಂದು ನಿಂತಲ್ಲೇ ಎಂಜಿನ್ ಓಡಿಸುವುದು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ಎರಡು ವಾರಕ್ಕೊಮ್ಮೆಯಾದರೂ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿ. ನೀರಿನ ಉಷ್ಣತೆ ಏರಿದ ಮೇಲೂ ಆಯಿಲ್ ಕಾಯಲು ಇನ್ನಷ್ಟು ಹೊತ್ತು ಬೇಕೆಂಬುದು ನೆನಪಿರಲಿ. ಎತ್ತರದ ಗೇರಿನಲ್ಲಿ ಎಂಜಿನ್ ಏದುಸಿರು ಬಿಡುವಂತೆ ಎಳೆಸಬೇಡಿ. ಆಯಿಲನ್ನು ಎಷ್ಟೇ ಕಡಿಮೆ ಓಡಿಸಿದ್ದರೂ ವರ್ಷಕ್ಕೊಮ್ಮೆ, ಹೆಚ್ಚು ಓಡಿಸುವುದಾದರೆ 8,000 ಕಿಲೋಮೀಟರ್‌ಗೊಮ್ಮೆ ಬದಲಿಸಿ.

ಇಷ್ಟೆಲ್ಲ ಮಾಡಿದರೂ ಬೇರಿಂಗ್ ಬದಲಿಸುವುದೊಂದೇ ನಿಜವಾದ ಪರಿಹಾರ. ಅದನ್ನು ತಲುಪಲು ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಮೂರನ್ನೂ ಇಳಿಸಬೇಕಾದ್ದರಿಂದ ಕ್ಲಚ್ ಬದಲಿಸುವಾಗಲೇ ಇದನ್ನೂ ಮಾಡಿಸುವುದು ಜಾಣತನ. ಸೆರಾಮಿಕ್ ಗುಂಡುಗಳ ಬೇರಿಂಗ್‌ಗಳಿವೆ, ಒತ್ತಡದ ಆಯಿಲ್ ಸಿಗುವಂತೆ ಮಾಡುವ ಗುಂಡುಗಳಿಲ್ಲದ ಸಾದಾ ಬುಷ್ ಮಾದರಿಯ ಬೇರಿಂಗ್‌ಗಳೂ ಇವೆ. 2006ರಿಂದ 2008ರವರೆಗಿನ ಎಂಜಿನ್‌ಗಳಲ್ಲಿ ಬೇರಿಂಗ್ ದೊಡ್ಡದು, ಎಂಜಿನನ್ನು ಪೂರ್ತಿ ಬಿಚ್ಚದೆ ಹೊರಬಾರದು. ಅವುಗಳಲ್ಲಿ ಹೊರಬದಿಯ ಸೀಲ್ ಮಾತ್ರ ಕಿತ್ತು ಆಯಿಲ್ ಒಳಹೋಗಲು ದಾರಿ ಮಾಡುತ್ತಾರೆ.

ಗೇರ್‌ಬಾಕ್ಸ್ ಇಳಿಸುವ ಮೊದಲು ಸಂಪ್ ಬಿಚ್ಚಿ ನೋಡಲು ಮೆಕ್ಯಾನಿಕ್‌ಗೆ ತಪ್ಪದೆ ಹೇಳಿ. ತಳದಲ್ಲಿ ಉಕ್ಕಿನ ಚಕ್ಕೆಗಳು ಹರಡಿದ್ದರೆ ಅವು ಆಗಲೇ ಎಂಜಿನ್ ತುಂಬ ಸುತ್ತಾಡಿರುತ್ತವೆ. ಆ ಎಂಜಿನ್‌ಗೆ ಹೊಸ ಬೇರಿಂಗ್ ಹಾಕುವುದು ಹಣವನ್ನು ನೀರಿಗೆ ಸುರಿದಂತೆ, ಪೂರ್ತಿ ಬಿಚ್ಚಿ ತೊಳೆಯಲೇಬೇಕು. ತಳ ಶುಚಿಯಾಗಿದ್ದರೆ ಧೈರ್ಯವಾಗಿ ಮುಂದುವರಿಯಿರಿ, ಹೊರಬಂದ ಹಳೆಯ ಬೇರಿಂಗನ್ನು ಮಾತ್ರ ಅಲ್ಲಿಯೇ ಬಿಟ್ಟು ಬರಬೇಡಿ. ಅದರ ಸೀಲನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಿರಿ. ಗ್ರೀಸ್ ಉಳಿದಿದ್ದರೆ ನಿಮ್ಮ ಅದೃಷ್ಟ. ಕಪ್ಪಾದ, ಕಮಟು ವಾಸನೆಯ ತೆಳು ಆಯಿಲ್ ಅಂಗೈಗೆ ಸುರಿದರೆ, ನೀವು ಸರಿಯಾದ ಹೊತ್ತಿಗೇ ಅದನ್ನು ತೆಗೆಸಿದ್ದೀರಿ.