ಚೊಂಬು ಸರಿ ಇದೆ ಮಾರಾಯ್ರೆ, ಹಿಂದಿರೋ ನೀರು ನೋಡಿ

ಹಳೇ ಕಾಲದ ಕತೆ ಇಟ್ಕೊಂಡು ಸಿನಿಮಾದವರು ಮಲೆನಾಡಿಗೆ ಬಂದ್ರೆ ಯಾರಾದ್ರೂ ನನ್ನ ನಂಬರ್ ಕೊಡ್ತಾರೆ, ಸಾಗರದವನು, ಆರ್ಟ್ ಡಿಪಾರ್ಟ್‌ಮೆಂಟಲ್ಲಿ ಇದ್ದೋನು, ಹಳೇ ಸಾಮಾನು ಎಲ್ಲಿ ಸಿಗತ್ತೆ ಅಂತ ಗೊತ್ತು ಅಂತ. ಫೋನಲ್ಲಿ ಮೊದಲು ಕೇಳೋದೇ ಲಾಟೀನು. ಆಮೇಲೆ ಹಿತ್ತಾಳೆ ಚೊಂಬು, ಎಲೆಅಡಿಕೆ ಸಂಚಿ, ಕಂಬಳಿ ಕೊಪ್ಪೆ. ಇಷ್ಟು ಜೋಡಿಸಿದ್ರೆ ಹಳೇ ಕಾಲ ಆಯ್ತು ಅಂತ ಅವ್ರ ಲೆಕ್ಕ. ಸಾಮಾನು ಕೊಡಿಸೋದು ಕಷ್ಟ ಏನಲ್ಲ, ಇಲ್ಲಿನ ಅಟ್ಟಗಳಲ್ಲಿ ಇನ್ನೂ ಬೇಕಾದಷ್ಟು ಬಿದ್ದಿದೆ, ಊಟ ಹಾಕದೆ ಅಟ್ಟ ಹತ್ತಕ್ಕೆ ಬಿಡಲ್ಲ ಅನ್ನೋದೊಂದೇ ತಡ. ನನ್ನ ತಲೆನೋವಿರೋದು ಆ ಸಾಮಾನಿನ ಬೆನ್ನ ಹಿಂದೆ ಏನು ಕಾಣ್ತಿದೆ ಅನ್ನೋದ್ರಲ್ಲಿ.

ಇತ್ತೀಚಿನದ್ದೇ ಒಂದು ಹೇಳ್ತೀನಿ. ಕತೆ 1942ರದ್ದು, ಶಿವಮೊಗ್ಗ ಜಿಲ್ಲೆಯ ಈಸೂರಿನವರು ನಾವು ಸ್ವತಂತ್ರ ಅಂತ ಘೋಷಿಸ್ಕೊಂಡ ವರ್ಷ. ಪೊಲೀಸರಿಗೆ ಬೇಕಾಗಿರೋ ಹುಡುಗ ರಾತ್ರೋರಾತ್ರಿ ಶರಾವತಿ ದಾಟಿ ತಪ್ಪಿಸ್ಕೊಳ್ಳೋ ಸೀನು. ಡೈರೆಕ್ಟರು ನಮ್ಮ ಸಾಗರದ ಕಡೆ ಶರಾವತಿ ದಡದ ಹೊಳೆಬಾಗಿಲ ಹತ್ರ ನಿಂತು ಕೈ ಅಗಲ ಮಾಡಿ, ಡ್ರೋನ್ ಹಾರಿಸಿದ್ರೆ ಸಮುದ್ರ ಸರ್ ಸಮುದ್ರ ಅಂದ್ರು. ಎದುರಿಗೆ ಸಿಗಂದೂರಿನ ಹೊಸ ಸೇತುವೆ, 2025ರ ಜುಲೈನಲ್ಲಿ ಉದ್ಘಾಟನೆ ಆಗಿದ್ದು. ಇದೇನ್ರೀ ಅಂದೆ. ಅದನ್ನ ಸಿಜಿಲಿ, ಕಂಪ್ಯೂಟರ್ ಗ್ರಾಫಿಕ್ಸಲ್ಲಿ ಅಳಿಸ್ತೀವಿ ಸರ್, ಬಜೆಟ್ ಇದೆ ಅಂದ್ರು. ಸೇತುವೆ ಅಳಿಸ್ತೀರಿ, ನೀರನ್ನ ಏನ್ಮಾಡ್ತೀರಿ ಅಂದೆ. ನೀರಿಗೇನಾಗಿದೆ ಸರ್, ಚೆನ್ನಾಗಿದ್ಯಲ್ಲ ಅಂದ್ರು!

ಇದನ್ನ ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ, ಇನ್ನೊಂದ್ಸಲ ಹೇಳ್ತೀನಿ. ಆ ನೀರು 1942ರಲ್ಲಿ ಅಲ್ಲಿ ಇರ್ಲಿಲ್ಲ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಡ್ಯಾಂ ಮುಗಿದಿದ್ದು 1964ರಲ್ಲಿ, ಈಗ ನೀವು ನೋಡೋದು ಅದರ ಹಿನ್ನೀರು. ಅಲ್ಲಿ ನದಿ ಇತ್ತು, ಹೊಳೆಬಾಗಿಲು ಅನ್ನೋ ಹೆಸರಲ್ಲೇ ಹೊಳೆ ಇದೆ, ಆದ್ರೆ ಹೊಳೆ ಅಂದ್ರೆ ಎರಡು ದಡ, ದಡದಲ್ಲಿ ಮರ, ಮರದ ಹಿಂದೆ ಗದ್ದೆ ತೋಟ ಊರು. ನಡುನಡುವೆ ತಲೆ ಎತ್ತಿರೋ ಆ ಚೆಂದದ ದ್ವೀಪಗಳಿದಾವಲ್ಲ, ಅವೆಲ್ಲ ಗುಡ್ಡದ ನೆತ್ತಿ ಕಣ್ರೀ. ಹಾಗಾಗಿ 1942ರ ಹುಡುಗ ಅಲ್ಲಿ ದೋಣಿ ಹುಟ್ಟು ಹಾಕಿದ್ರೆ ಅವನು ಯಾರದೋ ಗದ್ದೆ ಮೇಲೆ, ಯಾರದೋ ಮನೆ ಮಾಡಿನ ಮೇಲೆ ಹೋಗ್ತಿರ್ತಾನೆ. ಒಂದು ಮಾತು ಸೇರಿಸ್ಬೇಕು, ಇಲ್ಲಾಂದ್ರೆ ತಿಳಿದವರು ನನ್ನನ್ನೇ ಹಿಡೀತಾರೆ. ಲಿಂಗನಮಕ್ಕಿಗೆ ಮುಂಚೆನೇ ಹಿರೇಭಾಸ್ಕರ ಡ್ಯಾಂ ಇತ್ತು, ಅದು ಮುಗಿದಿದ್ದು 1948ರಲ್ಲಿ, ಈಗ ಅದೂ ಮುಳುಗಿದೆ, ಬೇಸಿಗೆಲಿ ನೀರು ತೀರಾ ಇಳಿದಾಗ ತಲೆ ಕಾಣತ್ತೆ. ಅಂದ್ಮೇಲೆ 1955ರ ಕತೆ ಆದ್ರೆ ಒಂದಿಷ್ಟು ಹಿನ್ನೀರು ತೋರಿಸಬಹುದೇನೋ, ಯಾವ ಜಾಗ ಅಂತ ನೋಡಿ ಹೇಳ್ಬೇಕು. 1942ಕ್ಕೆ ಮಾತ್ರ ಸುತಾರಾಂ ಆಗಲ್ಲ.

ಯಾರು ಸರ್ ಇದನ್ನೆಲ್ಲ ನೋಡ್ತಾರೆ ಅಂತಾರೆ. ನೋಡ್ತಾರೆ. ನಮ್ಮ ಬೀದಿಲಿ ಒಬ್ಬ ಅಜ್ಜ ಇದ್ರು, ಮುಳುಗಡೆಯವರು, ಅಂದ್ರೆ ಡ್ಯಾಂ ನೀರಲ್ಲಿ ಮನೆ ಊರು ಕಳ್ಕೊಂಡವರು. ಒಂದ್ಸಲ ಟಿವಿಲಿ ಇಂಥದ್ದೇ ಹಳೇ ಕಾಲದ ಕತೆ ಬರ್ತಿತ್ತು, ನಾಯಕ ನಾಯಕಿ ಹಿನ್ನೀರಲ್ಲಿ ದೋಣಿ ಮೇಲೆ ಹಾಡ್ತಿದ್ರು. ಅಜ್ಜ ಎದ್ದು ಟಿವಿ ಹತ್ರ ಹೋಗಿ ಒಂದು ಗುಡ್ಡದ ಮೇಲೆ ಬೆರಳಿಟ್ಟು, "ತಮಾ, ಇದರ ಬುಡದಲ್ಲೇ ನಮ್ಮನೆ" ಅಂದ್ರು. ಬೆರಳು ಇದ್ದಿದ್ದು ನಾಯಕಿ ಕಿವಿ ಪಕ್ಕ. ಹಾಡು ಮುಗಿಯೋವರೆಗೂ ತೆಗೀಲಿಲ್ಲ.

ಮಿಕ್ಕಿದ್ದು ಚಿಲ್ಲರೆ. ಕೆಳದಿ ಅರಸರ ಕತೆಗೆ ಮಂಗಳೂರು ಹೆಂಚಿನ ಮನೆ ತೋರಿಸ್ತಾರೆ, ಬಾಸೆಲ್ ಮಿಷನ್ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದೇ 1865ರಲ್ಲಿ, ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರು ಹಿಡಿದು ನೂರು ವರ್ಷ ಕಳೆದ ಮೇಲೆ. ಮಾಡಿಗೆ ಅಡಿಕೆ ಸೋಗೆ ಹೊದಿಸಿ ಅಂದ್ರೆ ಬಡವರ ಮನೆ ಥರ ಕಾಣತ್ತೆ ಅಂತಾರೆ. ಇನ್ನು ದುಡ್ಡು. ನಯಾ ಪೈಸೆ ಬಂದಿದ್ದು 1957ರ ಏಪ್ರಿಲ್‌ನಲ್ಲಿ, ಅದಕ್ಕೂ ಮುಂಚಿನ ಕತೇಲಿ ರೂಪಾಯಿಗೆ ನೂರು ಪೈಸೆ ಅನ್ನಂಗಿಲ್ಲ. ಉಲ್ಟಾ ಮಾಡಿದ್ರೆ ತಪ್ಪಿಲ್ಲ, 57 ಆದ್ಮೇಲೂ ಜನ ನಾಲ್ಕಾಣೆ ಎಂಟಾಣೆ ಅಂತಲೇ ಅಂತಿದ್ರು, ನಮ್ಮಮ್ಮ ಈಗ್ಲೂ ಅಂತಾರೆ.

ಕಂಟಿನ್ಯೂಟಿ, ಅಂದ್ರೆ ಒಂದು ಶಾಟಿಂದ ಇನ್ನೊಂದಕ್ಕೆ ಎಲ್ಲ ಹೊಂದ್ಕೊಂಡಿರೋದು, ಅದರ ಬಗ್ಗೆ ಬರೆಯಕ್ಕೆ ಹೋದ್ರೆ ಮುಗಿಯಲ್ಲ, ಒಂದೇ ಹೇಳ್ತೀನಿ, ಕವಳ, ಬಾಯಲ್ಲಿ ಹಾಕ್ಕೊಂಡು ಅಗಿಯೋ ಎಲೆಅಡಿಕೆ. ಯಜಮಾನ್ರ ಪಾತ್ರ ಅಂದ್ಮೇಲೆ ಬಾಯಲ್ಲಿ ಕವಳ ಇರ್ಲೇಬೇಕು. ಬೆಳಗ್ಗೆ ಶಾಟಲ್ಲಿ ಎಡಗೆನ್ನೆ ಉಬ್ಬಿರತ್ತೆ, ಮಧ್ಯಾಹ್ನ ಅದೇ ಸೀನಿನ ಕ್ಲೋಸಪ್ಪಲ್ಲಿ ಬಲಗೆನ್ನೆ, ಊಟ ಆಗಿ ಬಾಯಿ ತೊಳ್ಕೊಂಡಿರೋದ್ರಿಂದ ತುಟಿ ಬೇರೆ ಬೆಳ್ಳಗೆ. ಬಟ್ಟೆ, ವಾಚು, ಜುಟ್ಟು ಎಲ್ಲದರ ಫೋಟೋ ಇಟ್ಕೊಂಡಿರೋ ಅಸಿಸ್ಟೆಂಟ್ ಹುಡುಗ ಕವಳದ್ದು ಬರ್ಕೊಂಡಿರಲ್ಲ. ಪಾಪ, ಬೆಂಗಳೂರಲ್ಲಿ ಬೆಳೆದ ಹುಡುಗ, ಅವನಿಗೆ ಬೈಯ್ಯಕ್ಕೂ ಮನಸ್ಸು ಬರಲ್ಲ.

ಆ 1942ರವರು ಕೊನೆಗೆ ಮಾತು ಕೇಳಿದ್ರು ಅನ್ನಿ. ಎರಡು ದಿನ ಮುನಿಸ್ಕೊಂಡಿದ್ದು, ಆಮೇಲೆ ತೀರ್ಥಹಳ್ಳಿ ಹತ್ರ ತುಂಗೆ ದಡದಲ್ಲಿ ತೆಗೆಯೋಣ, ಅಲ್ಲಿ ಹೊಳೆ ಹೊಳೆ ಥರಾನೇ ಇದೆ ಅಂದ್ರು. ನಾನೂ ಖುಷಿಯಾಗಿ ಹೋದೆ. ಬೆಳಗಿನ ಮಂಜು, ಹುಡುಗ ಕಂಬಳಿ ಹೊದ್ದು ದೋಣಿ ಹತ್ತಿದಾನೆ, ಚೊಂಬು ಲಾಟೀನು ಎಲ್ಲ ಸರಿಯಾಗಿದೆ. ಮಂಜು ಸರೀತು. ಆಚೆ ದಡದ ಗುಡ್ಡದ ತುಂಬಾ ಸಾಲಿಗೆ ಸಾಲು ಅಕೇಶಿಯಾ, ನಮ್ಮ ಕಡೆ 80ರ ದಶಕದಿಂದೀಚೆಗೆ ನೆಟ್ಟು ತುಂಬಿಸಿದ ಮರ. ಡೈರೆಕ್ಟರು ನನ್ನ ಮುಖಾನೇ ನೋಡ್ತಿದ್ರು. ಕ್ಯಾಮೆರಾ ಸ್ವಲ್ಪ ಕೆಳಗಿಳಿಸಿ ಅಂದೆ.