ಇದು ಹುಳ ಅಲ್ರೀ, ದುಂಡಾಣು

ಕುಷ್ಟಗಿ ಕಡೆ ದಾಳಿಂಬ್ರಿ ತೋಟ ಮಾಡಿದವ್ರಿಗೆ ಇದು ಗೊತ್ತಿರ್ತೈತಿ. ಮೊದ್ಲು ಎಲಿ ಮ್ಯಾಲೆ ನೀರು ಸಿಡಿದಂಗ ಸಣ್ಣ ಚುಕ್ಕಿ, ಆಮ್ಯಾಲೆ ಅವು ಕರ್ರಗಾಗಿ ಕಾಯಿಗೂ ಬಂದು ಕಾಯಿ ಸೀಳಿ ಹೋಗ್ತಾವು. ನಾನೂ ಎಲಿ ಹಿಡ್ಕೊಂಡು ಅಂಗಡಿಗೆ ಹೋಗಿ "ಹುಳಕ್ಕ ಎಣ್ಣಿ ಕೊಡ್ರಿ" ಅಂದೆ (ಹೊಲಕ್ಕ ಹೊಡಿಯೋದಕ್ಕೆಲ್ಲಾ ನಮ್ಮಲ್ಲಿ ಎಣ್ಣಿನೇ), ಅಂವ ಎಲಿ ತಿರುವಿ ನೋಡಿ "ಇದು ಹುಳ ಅಲ್ರೀ, ದುಂಡಾಣು" ಅಂದ. ಇದ್ಯಾವ ಉಂಡಿಪ್ಪಾ ಅನ್ನಿಸ್ತು, ಆಮ್ಯಾಲೆ ತಿಳೀತು ಬ್ಯಾಕ್ಟೀರಿಯಾಕ್ಕ ಕನ್ನಡದಾಗ ದುಂಡಾಣು ಅಂತಾರಂತ.

ಹುಳ ಅನ್ನೋದು ನಮ್ಮ ದಡ್ಡತನ ಅಲ್ಲ. ನಾರುಹುಣ್ಣು ಕಂಡ ಮಂದಿ ನಾವು. ಬಾವಿ ನೀರು ಕುಡಿದು ವರ್ಷ ಆದಮ್ಯಾಲೆ ಕಾಲಾಗ ಗುಳ್ಳಿ ಒಡೆದು ದಾರದಂಥಾ ಹುಳ ಹೊರಗ ಬರ್ತಿತ್ತು, ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೀಬೇಕು, ನಡುವ ಹರೀತು ಅಂದ್ರ ಕಾಲು ಬಾತು ಕೀವು. 2000ದಾಗ ಭಾರತ ನಾರುಹುಣ್ಣಿನಿಂದ ಮುಕ್ತ ಅಂತ ಡಿಕ್ಲೇರ್ ಆತು. ರೋಗದ ಹುಳ ಕಣ್ಣಿಗೇ ಕಂಡಮ್ಯಾಲೆ ಇನ್ನೇನಂತಾರ?

ಕ್ರಿಮಿ ಅಂದ್ರೂ ಮೂಲದಾಗ ಹುಳಾನೇ. 1676ರಾಗ ಹಾಲೆಂಡಿನ ಲೇವನ್‌ಹುಕ್ ಅನ್ನಾಂವ ಮಸೂರದಾಗ ನೀರು ನೋಡಿ ಸಣ್ಣ ಜೀವಿ ಕಂಡ, ಆದ್ರ ಅವು ರೋಗ ತರ್ತಾವು ಅಂತ ಗಟ್ಟಿ ಆಗಾಕ ಇನ್ನೂ 200 ವರ್ಷ ಬೇಕಾತು. 1876ರಾಗ ಜರ್ಮನಿ ಡಾಕ್ಟರ್ ಕೋಕ್ ನೆರಡಿ ರೋಗ ತರೋ ಬ್ಯಾಕ್ಟೀರಿಯಾ ಹಿಡಿದ (ಇಂಗ್ಲಿಷಿನ್ಯಾಗ ಆಂಥ್ರಾಕ್ಸ್, ನಮ್ಮ ಕುರಿಗಾರರು ಹೆದರೋ ಅದೇ ನೆರಡಿ), 1882ರಾಗ ಟೀಬಿದು. ಕಾಣದ ಜೀವಿಗೂ ಕ್ರಿಮಿ ಅನ್ನೋ ಹಳೇ ಹೆಸರೇ ಅಂಟ್ಕೊಂತು. ಅದಕ್ಕ ಇವತ್ತಿಗೂ ದವಾಖಾನಿ ನೆಲಕ್ಕ ಹಾಕೋದೂ ಕ್ರಿಮಿನಾಶಕ, ಹತ್ತಿಗೆ ಹೊಡಿಯೋದೂ ಕ್ರಿಮಿನಾಶಕ, ಎಂಥಾ ಗದ್ದಲ ನೋಡ್ರಿ.

ದುಂಡಾಣು ಕಥಿ ಇನ್ನೂ ಮಜಾ ಐತಿ. ಬ್ಯಾಕ್ಟೀರಿಯಾ ಅಂದ್ರ ಗ್ರೀಕ್‌ನಾಗ ಸಣ್ಣ ಕೋಲು, ದಾಳಿಂಬ್ರಿ ಹಾಳು ಮಾಡೋ ಜಾಂಥೋಮೊನಾಸ್ ಕೂಡ ಕೋಲಿನಂಗೇ ಇರ್ತೈತಿ, ನಾವು ಮಾತ್ರ ಅದನ್ನ ದುಂಡಗ ಮಾಡಿಟ್ಟೀವಿ. ವೈರಸ್ ಅಂದ್ರ ಲ್ಯಾಟಿನ್‌ನಾಗ ವಿಷ. ವೈರಾಣು ಅಂದಾಗ ಕಿವಿಗೆ ವೈರಿ ಅಂತ ಕೇಳ್ತೈತಿ, ಇದೊಂದು ಮಾತ್ರ ಛಲೋ ಕೂತೈತಿ.

ಇನ್ನ ರೋಗಾಣು ಅಂದ್ರ ಒಂದು ಜಾತಿ ಹೆಸರಲ್ಲ, ಮಾಡೋ ಕೆಲಸದ ಹೆಸರು. ಬ್ಯಾಕ್ಟೀರಿಯಾ, ವೈರಸ್, ಭತ್ತಕ್ಕ ಬೆಂಕಿ ರೋಗ ತರೋ ಶಿಲೀಂಧ್ರ, ಯಾವುದು ರೋಗ ತಂದ್ರೂ ರೋಗಾಣುನೇ. ಮಸರು ಹೆಪ್ಪಾಗೋದೂ ಬ್ಯಾಕ್ಟೀರಿಯಾದಿಂದನೇ, ಅದಕ್ಯಾರೂ ರೋಗಾಣು ಅನ್ನಂಗಿಲ್ಲ. ಯಾವ ರೋಗಾಣು ಅಂತ ತಿಳೀದಿದ್ರ ರೊಕ್ಕ ನೀರಾಗ ಹೋಗ್ತೈತಿ, ಹುಳದ ಎಣ್ಣಿಗೆ ಬ್ಯಾಕ್ಟೀರಿಯಾ ಬಗ್ಗಂಗಿಲ್ಲ, ವೈರಸ್ ಜ್ವರಕ್ಕ ಆಂಟಿಬಯಾಟಿಕ್ ನುಂಗಿದ್ರೂ ಅಷ್ಟೇ.

ಆವತ್ತು ಅಂಗಡ್ಯಾಂವ ಕೊಟ್ಟ ಪುಡಿ ಪಾಕೀಟಿನ್ಯಾಗ ಸ್ಟ್ರೆಪ್ಟೋಮೈಸಿನ್ ಅಂತ ಇತ್ತು, 1943ರಾಗ ಸಿಕ್ಕ ಟೀಬಿ ಸೂಜಿ ಔಷಧನೇ ಅದು. ಇಷ್ಟೆಲ್ಲಾ ತಿಳಿಸಿ ಹೇಳಿದಾಂವ ಬಿಲ್ ಮಾಡೋವಾಗ ಹುಳದ ಎಣ್ಣಿದೂ ಒಂದು ಬಾಟ್ಲಿ ಇಟ್ಟ. ಯಾಕಪ್ಪಾ ಅಂದ್ರ, "ಇರ್ಲಿ ತಗೋರಿ ಅಣ್ಣಾ, ಒಂದ್ವೇಳೆ ಹುಳ ಇದ್ರ?"